ಬಿಳಿ ದಾರದ ಚೀಲ

ಜೂನ್ 3

ಚೂಟಿ,

ನಿನ್ನ ಲಾರಿ ನಿನ್ನೆ ಬಂತು. ಮಣ್ಣಿನ ಚೀಲ ಇಳಿಸಿದ ಡ್ರೈವರ್, ಮಣ್ಣಿಗೂ ಗತಿ ಇಲ್ಲದ ಊರೇನಮ್ಮ ಇದು ಅಂತ ಹಲ್ಲು ಕಿರಿದು ಹೋದ. ಅವನಿಗೇನು ಗೊತ್ತು. ಈ ದಿಬ್ಬದಲ್ಲಿ ಇರೋದು ಮಣ್ಣಲ್ಲ, ಗಣಿಯವರು ಕಲ್ಲು ಕಡಿದು ಕಡಿದು ತಂದು ಸುರಿದ ಪುಡಿ. ಗಾಳಿ ಬೀಸಿದರೆ ಕೆಳಗಿನ ಬೀದಿಯವರು ಬಟ್ಟೆ ಒಣಗಿಹಾಕೋ ಹಾಗಿಲ್ಲ. ಮಳೆ ಬಂದರೆ ದಿಬ್ಬ ಜಾರಿಕೊಂಡು ಶಾಲೆ ಗೋಡೆವರೆಗೂ ಬರುತ್ತೆ. ಗಣಿ ಮುಚ್ಚಿ ಅವರು ಕೈ ತೊಳ್ಕೊಂಡರು, ದಿಬ್ಬನ ನಮ್ಮ ನರ್ಸರಿ ತಲೆಗೆ ಕಟ್ಟಿದರು. ಬಿದಿರು ನೆಟ್ಟು ಅದನ್ನ ಹಿಡಿದು ನಿಲ್ಲಿಸಬೇಕಂತೆ. ನಿನ್ನ ಪ್ರಯೋಗಕ್ಕೆ ಇದೇ ದಿಬ್ಬ ಬೇಕು ಅಂತ ನೀನು ಕೇಳಿದಾಗ ನಮ್ಮ ಆಫೀಸಿನವರಿಗೆ ಹಾಲು ಕುಡಿದಷ್ಟು ಸಂತೋಷ.

ಅವರಿಗಿಂತ ಹೆಚ್ಚು ಸಂತೋಷ ಅಪ್ಪನಿಗೆ. ಅಮ್ಮ ಹೋದ ಮೇಲೆ ಕಿಟಕಿ ಪಕ್ಕದ ಕುರ್ಚಿ ಬಿಟ್ಟು ಎದ್ದಿರಲಿಲ್ಲ, ನಿನಗೇ ಗೊತ್ತಲ್ಲ. ಊಟಕ್ಕೆ ಕರೆದರೆ ಬರೋರು, ಕರೆಯದಿದ್ದರೆ ಇಲ್ಲ. ಮೊನ್ನೆ ಬೆಳಿಗ್ಗೆ ನೋಡಿದರೆ ಆಸ್ಪತ್ರೆ ತೋಟದಲ್ಲಿ ಕೆಲಸ ಮಾಡ್ತಿದ್ದಾಗಿನ ಹಳೇ ಟೋಪಿ ತಲೆ ಮೇಲೆ, ನನಗಿಂತ ಮೊದಲು ಬಾಗಿಲಲ್ಲಿ ನಿಂತಿದ್ದಾರೆ. ಮರಿ ಕೇಳಿದ್ದಾಳಲ್ಲ, ನಾನು ಬರದೆ ಇರೋಕಾಗುತ್ತಾ ಅಂದರು. ಆ ಟೋಪಿ ನೋಡಿ ನಾನು ಒಳಗೆ ಹೋಗಿ ಒಂದು ಗಳಿಗೆ ಅತ್ತು ಬಂದೆ. ನಿನ್ನ ಪ್ರಯೋಗ ಏನಾದರೂ ಆಗಲಿ, ಅಪ್ಪ ಎದ್ದು ಓಡಾಡೋದು ನಿಲ್ಲದಿದ್ದರೆ ನನಗೆ ಅಷ್ಟೇ ಸಾಕು.

ಈಗ ಕೆಲಸದ ಮಾತು. ಅರ್ಧ ಚೀಲಕ್ಕೆ ಕೆಂಪು ದಾರ, ಅರ್ಧಕ್ಕೆ ಬಿಳಿ ದಾರ. ಮೂಸಿದೆ, ಮುಟ್ಟಿದೆ, ಒಂದು ಚೂರು ವ್ಯತ್ಯಾಸ ಕಾಣಲಿಲ್ಲ. ಏನಿದರ ಕಥೆ? ಫೋನಲ್ಲಿ ಕೇಳಿದರೆ ಆಮೇಲೆ ಹೇಳ್ತೀನಿ ಅಕ್ಕ ಅಂತ ಇಟ್ಟುಬಿಡ್ತೀಯ. ಅದಕ್ಕೇ ಕಾಗದ.

ಅಕ್ಕ

*

ಜೂನ್ 11

ಪ್ರೀತಿಯ ಅಕ್ಕ,

ಅಪ್ಪ ಟೋಪಿ ಹಾಕಿದ್ದು ಓದಿ ಪ್ರಯೋಗಾಲಯದಲ್ಲೇ ಕಣ್ಣು ಒರೆಸಿಕೊಂಡೆ. ಪಕ್ಕದ ಮೇಜಿನವಳು ಏನೋ ಗ್ಯಾಸ್ ಸೋರ್ತಿದೆ ಅಂದುಕೊಂಡು ಕಿಟಕಿ ತೆಗೆದಳು.

ಕಥೆ ಇಷ್ಟೇ. ಬಿದಿರಿನ ಬೇರು ಸುಮ್ಮನೆ ನೀರು ಹೀರ್ತಾ ಕೂತಿರಲ್ಲ, ಸಕ್ಕರೆಯಂಥ ರಸ ಹೊರಗೆ ಬಿಡುತ್ತೆ. ಅದನ್ನ ತಿನ್ನೋಕೆ ಕಣ್ಣಿಗೆ ಕಾಣದ ಜೀವಿಗಳು ಬೇರಿಗೆ ಅಂಟಿದ ಮಣ್ಣಲ್ಲಿ ಗುಂಪು ಕೂಡುತ್ತವೆ. ಕೆಲವು ಕಲ್ಲಲ್ಲಿ ಸಿಕ್ಕಿಹಾಕಿಕೊಂಡ ಪೋಷಕಾಂಶ ಕರಗಿಸಿ ಬೇರಿಗೆ ಕೊಡುತ್ತವೆ, ಕೆಲವು ಗಾಳಿಯಿಂದ ಸಾರಜನಕ ಹಿಡಿದುಕೊಡುತ್ತವೆ, ಕೆಲವು ರೋಗ ಬರದ ಹಾಗೆ ಕಾಯುತ್ತವೆ. ಗಣಿಯ ಪುಡಿಯಲ್ಲಿ ಈ ಸಂಸಾರವೇ ಇಲ್ಲ. ಹಳೇ ಬಿದಿರು ಮೆಳೆಯ ಬುಡದಿಂದ ಅದನ್ನ ಕೊಂಡೊಯ್ದು ಬಿಟ್ಟರೆ ಏನಾಗುತ್ತೆ ಅನ್ನೋದೇ ನನ್ನ ಪ್ರಶ್ನೆ. ಪ್ರತಿ ಗುಂಡಿಗೆ ಒಂದು ಬೊಗಸೆ ಹಾಕಿ ಸಸಿ ನೆಡಿ. ಒಂದು ಸಾಲು ಕೆಂಪು, ಒಂದು ಸಾಲು ಬಿಳಿ, ಹೀಗೆ ದಿಬ್ಬದ ಉದ್ದಕ್ಕೂ.

ಯಾವುದರಲ್ಲಿ ಏನಿದೆ ಅಂತ ಮಾತ್ರ ಕೇಳಬೇಡ. ನೆಡೋರಿಗೆ, ನೀರು ಹಾಕೋರಿಗೆ ಅದು ಗೊತ್ತಿರಬಾರದು ಅನ್ನೋದು ನಿಯಮ. ಇನ್ನೊಂದು ವಿಷಯ, ದಯವಿಟ್ಟು ಗಮನ ಕೊಟ್ಟು ಓದು. ಬಿಳಿ ಸಾಲಿನ ಗುಂಡಿಗೆ ಕೆಂಪು ಚೀಲದ ಒಂದು ಚಿಟಿಕೆ ಮಣ್ಣೂ ಬೀಳಕೂಡದು. ಬಿಳಿಗೆ ಬೇರೆ ಗುದ್ದಲಿ, ಬೇರೆ ಬುಟ್ಟಿ. ಕೈ ತೊಳೆದೇ ಮುಟ್ಟಬೇಕು. ಬಿಳಿಯ ವಿಷಯದಲ್ಲಿ ಯಾರನ್ನೂ ನಂಬಬೇಡ, ನೀನೇ ನಿಂತು ನೋಡ್ಕೋ.

ಮುಂದಿನ ವರ್ಷ ಆಗಸ್ಟಿಗೆ ನಮ್ಮ ಸಂಸ್ಥೆಯ ಸಮಿತಿಯವರು ಬಂದು ಅಳತೆ ಮಾಡ್ತಾರೆ. ಆ ಅಳತೆ ಮೇಲೇ ನನ್ನ ಕೆಲಸ ಖಾಯಂ ಆಗಬೇಕೋ ಬೇಡವೋ ಅನ್ನೋದು ತೀರ್ಮಾನ ಆಗೋದು. ವರ್ಷ ವರ್ಷ ಸಹಿ ಹಾಕಿಸಿಕೊಂಡು ಬದುಕಿ ಸಾಕಾಗಿದೆ.

ನಿನ್ನ ತಂಗಿ

*

ಜೂನ್ 24

ಚೂಟಿ,

ನೆಟ್ಟಾಯ್ತು. ನೀನು ಬಾಯಿ ಬಿಟ್ಟು ಹೇಳದಿದ್ದರೂ ನನಗೆ ಅರ್ಥ ಆಯ್ತು ಬಿಡು. ಬಿಳೀನೇ ನಿನ್ನ ಮುದ್ದಿನ ಮಗು. ಕೈ ತೊಳೆದು ಮುಟ್ಟು, ಬೇರೆ ಗುದ್ದಲಿ, ಯಾರನ್ನೂ ನಂಬಬೇಡ. ನಿನ್ನ ಅಕ್ಕ ಅಷ್ಟೂ ತಿಳಿಯದ ಪೆದ್ದಿಯೇನಲ್ಲ.

ಅದಕ್ಕೇ ಬಿಳಿ ಸಾಲನ್ನೆಲ್ಲ ಅಪ್ಪನ ಕೈಗೆ ಕೊಟ್ಟೆ. ಒಂದೊಂದು ಸಸಿಯನ್ನೂ ಅವರೇ ನೆಟ್ಟರು, ಬೇರೆಯವರನ್ನ ಹತ್ತಿರ ಸೇರಿಸಲಿಲ್ಲ. ಅಪ್ಪನ ಕೈಗುಣ ನಿನಗೆ ಹೇಳಬೇಕಾ? ಡಾಕ್ಟರು ಮಾತ್ರೆ ಕೊಡ್ತಿದ್ದರು, ರೋಗಿಗಳು ಅಪ್ಪನ ಹೂವು ನೋಡಿ ಎದ್ದು ಕೂರ್ತಿದ್ದರು ಅಂತ ಅಮ್ಮ ಹೇಳೋಳು, ಸ್ವಲ್ಪ ಜಾಸ್ತೀನೇ ಹೇಳೋಳು, ಇರಲಿ. ಕೆಂಪು ಸಾಲನ್ನ ಗಡ್ಡದ ಮೇಸ್ತ್ರಿ ಮತ್ತವನ ಜನ ಹರಟೆ ಹೊಡೀತಾ ನೆಟ್ಟರು. ಅರ್ಧ ಸಸಿ ಸೊಟ್ಟಗಿವೆ.

ಅಪ್ಪ ಸಾಯಂಕಾಲ ದಿಬ್ಬದ ಮೇಲೆ ನಿಂತು ಹೇಳಿದರು, ಇದು ನನ್ನ ಕೊನೇ ತೋಟ, ನನ್ನ ಮಗಳ ಹೆಸರು ನಿಲ್ಲಿಸಬೇಕು ಅಂತ. ನೀನು ಕೇಳಿಸಿಕೊಂಡಿರಬೇಕಿತ್ತು.

ಅಕ್ಕ

*

ಜುಲೈ 6

ಅಕ್ಕ,

ಬಿಳಿ ಎಲ್ಲಾನೂ ಅಪ್ಪನೇ ನೆಟ್ಟರಾ? ನಾನು ಅದನ್ನ ಮೊದಲೇ ಹೇಳಬೇಕಿತ್ತು, ಎರಡು ಸಾಲನ್ನೂ ಅಪ್ಪ ಅರ್ಧ, ಮೇಸ್ತ್ರಿ ಕಡೆಯವರು ಅರ್ಧ ನೆಡಬೇಕಿತ್ತು. ಇರಲಿ, ಆಗಿದ್ದಾಯ್ತು. ಮತ್ತೆ ಕಿತ್ತು ನೆಡೋಕೆ ಹೋಗಬೇಡಿ.

ಎರಡು ತಿಂಗಳಿಗೊಮ್ಮೆ ಎರಡೂ ಸಾಲಿಂದ ಒಂದೊಂದು ಬೇರು ಎಳೆದು, ಮೆಲ್ಲಗೆ ಕೊಡವಿ, ಉದುರದೆ ಅಂಟಿಕೊಂಡಿರೋ ಮಣ್ಣನ್ನ ಮಾತ್ರ ಪೊಟ್ಟಣ ಕಟ್ಟಿ ಕಳಿಸು. ಬೇರು ತೊಳೆಯಬೇಡ. ಕೊಳೆ ಅಂತ ನಿನಗೆ ಕಾಣೋದೇ ನನಗೆ ಬೇಕಾಗಿರೋದು.

ನಮ್ಮ ಪ್ರಯೋಗಾಲಯದ ಮೇಡಂ ಕರೀತಿದ್ದಾರೆ. ಇಷ್ಟೇ.

ತಂಗಿ

*

ಸೆಪ್ಟೆಂಬರ್ 19

ಚೂಟಿ,

ಪೊಟ್ಟಣ ಜೊತೆಗಿದೆ. ಬೇರು ತೊಳೆದಿಲ್ಲ, ಕೈ ಮಾತ್ರ ತೊಳೆದಿದ್ದೀನಿ.

ಒಂದು ವಿಷಯ ಕೇಳಬೇಕು. ಸೊಟ್ಟಗೆ ನೆಟ್ಟ ಕೆಂಪು ಸಾಲು ನನ್ನ ಸೊಂಟದವರೆಗೆ ಬಂದಿದೆ, ಹಸಿರು ಅಂದರೆ ಹಸಿರು. ಬಿಳಿ ಸಾಲು ಮೊಣಕಾಲು ದಾಟಿಲ್ಲ. ಎಲೆಯೆಲ್ಲ ಅರಿಶಿನ. ತುದಿ ಸುಟ್ಟ ಹಾಗಿದೆ. ಅಪ್ಪ ದಿನಕ್ಕೆ ಎರಡು ಸಲ ಹತ್ತಿ ಹೋಗಿ ಒಂದೊಂದರ ಮುಂದೆಯೂ ಕೂರ್ತಾರೆ. ಮೊಣಕಾಲು ನೋವು ಅಂತ ಮೆಟ್ಟಿಲು ಹತ್ತದೆ ಇದ್ದ ಮನುಷ್ಯ.

ಮೇಸ್ತ್ರಿ ನಿನ್ನೆ ಎಲ್ಲರೆದುರಿಗೆ, ಅಜ್ಜನ ಕೈ ಆರಿಹೋಯ್ತು ಅಂದ. ತಮಾಷೆಗೇ ಅಂದದ್ದು, ಎಲ್ಲರೂ ನಕ್ಕರು, ಅಪ್ಪನೂ ನಕ್ಕರು. ಆದರೆ ಕೈಲಿದ್ದ ಚಹಾ ಕುಡಿಯಲಿಲ್ಲ. ಲೋಟ ಕಲ್ಲಿನ ಮೇಲೆ ಇಟ್ಟು ಇಳಿದು ಬಂದರು.

ನಿಯಮ ಗಿಯಮ ಎಲ್ಲ ಪಕ್ಕಕ್ಕಿಡು. ಆ ಬಿಳಿ ಚೀಲದಲ್ಲಿ ಬೇರೇನಾದರೂ ಇತ್ತಾ? ಇದ್ದರೆ ಇತ್ತು ಅನ್ನು, ಇಲ್ಲದಿದ್ದರೆ ಇಲ್ಲ ಅನ್ನು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೆಯಬೇಡ. ಬಿಳಿ ಸಾಲಿಗೆ ಸ್ವಲ್ಪ ಗೊಬ್ಬರ ಹಾಕಲಾ ಅಂತ ಅಪ್ಪ ಕೇಳ್ತಿದ್ದಾರೆ.

ಅಕ್ಕ

*

ಅಕ್ಟೋಬರ್ 2

ಪ್ರೀತಿಯ ಅಕ್ಕ,

ಗೊಬ್ಬರ ಬೇಡವೇ ಬೇಡ. ಒಂದು ಹಿಡಿಯೂ ಹಾಕಬೇಡಿ. ಎರಡು ಸಾಲಿಗೂ ಒಂದೇ ಅಳತೆ ನೀರು. ಬಿಳಿ ಸಾಲಿನ ಸಸಿ ಸತ್ತರೆ ಸಾಯಲಿ, ಕೀಳಬೇಡಿ, ಅದೇ ಜಾಗದಲ್ಲಿ ನಿಂತಿರಲಿ. ಸತ್ತದ್ದೂ ನನಗೆ ಬೇಕು.

ನೀನು ಕೇಳಿದ್ದಕ್ಕೆ ಉತ್ತರ: ಎರಡು ಚೀಲದ್ದೂ ಒಂದೇ ಬಿದಿರು ಮೆಳೆಯ ಬುಡದ ಮಣ್ಣು. ಒಂದೇ ದಿನ, ಒಂದೇ ಗುಂಡಿಯಿಂದ ನಾನೇ ನಿಂತು ಅಗೆಸಿದ್ದು. ಇದಕ್ಕಿಂತ ಹೆಚ್ಚು ಕೇಳಬೇಡ.

ಮೇಸ್ತ್ರಿ ಮಾತಿಗೆ ತಲೆ ಕೆಡಿಸ್ಕೋಬೇಡಿ ಅಂತ ಅಪ್ಪನಿಗೆ ಹೇಳು. ಪೊಟ್ಟಣ ಚೆನ್ನಾಗಿ ಕಟ್ಟಿದ್ದೀಯ. ಥ್ಯಾಂಕ್ಸ್.

ತಂಗಿ

*

ನವೆಂಬರ್ 15

ಚೂಟಿ,

ನಿನ್ನ ಕಾಗದ ಅಪ್ಪನಿಗೆ ಓದಿ ಹೇಳಿದೆ. ಒಂದೇ ಗುಂಡಿ ಅನ್ನೋ ಕಡೆ ಇನ್ನೊಂದು ಸಲ ಓದು ಅಂದರು. ಓದಿದೆ.

ಅಪ್ಪ ಚೆನ್ನಾಗಿದ್ದಾರೆ. ಈಗೀಗ ದಿಬ್ಬಕ್ಕೆ ಬರಲ್ಲ. ಚಳಿ ಅಲ್ವಾ. ಬಿಳಿ ಸಾಲಿಗೆ ನಾನೇ ನೀರು ಹಾಕ್ತೀನಿ, ನೀನು ಹೇಳಿದ ಅಳತೆಗೆ.

ಪೊಟ್ಟಣ ಇದೆ.

ಅಕ್ಕ

*

ಡಿಸೆಂಬರ್ 8

ಪ್ರೀತಿಯ ಅಕ್ಕ,

ನಿನ್ನ ಕಾಗದ ಬರ್ತಾ ಬರ್ತಾ ಔಷಧಿ ಚೀಟಿ ಆಗ್ತಿದೆ. ಸೋಮಾರಿ. ಅಪ್ಪ ಚೆನ್ನಾಗಿದ್ದಾರೆ ಅನ್ನೋ ಒಂದು ಸಾಲು ಇತ್ತಲ್ಲ, ನನಗೆ ಅಷ್ಟೇ ಬೇಕಾಗಿತ್ತು. ಮಧ್ಯೆ ಸ್ವಲ್ಪ ದಿಗಿಲಾಗಿತ್ತು.

ಮತ್ತೆ ಕೇಳು. ಕೆಂಪು ಪೊಟ್ಟಣದ ಮಣ್ಣಿನ ಜೀವಿಗಳನ್ನ ತಟ್ಟೆಗಳಲ್ಲಿ ಬೆಳೆಸಿದ್ದೀವಿ. ಬೆಳಿಗ್ಗೆ ತಟ್ಟೆ ಬೆಚ್ಚಗಿಡೋ ಪೆಟ್ಟಿಗೆ ಬಾಗಿಲು ತೆಗೆದರೆ ತಟ್ಟೆ ತುಂಬ ಚುಕ್ಕಿ. ಬಿಳಿ, ಕೆನೆ, ತಿಳಿ ಗುಲಾಬಿ. ಅವು ಕಲ್ಲಿನ ಪುಡಿ ಕರಗಿಸಿದ ಕಡೆಯೆಲ್ಲ ಸುತ್ತ ಒಂದು ತಿಳಿ ಬಳೆ. ಇಷ್ಟು ದಿಟ್ಟವಾದ ಜೀವಿಗಳನ್ನ ನಾನು ನೋಡಿರಲಿಲ್ಲ. ಮೇಡಂ ಬಂದು ನನ್ನ ಬೆನ್ನು ತಟ್ಟಿದರು, ಅವರು ಯಾರ ಬೆನ್ನೂ ತಟ್ಟೋ ಹೆಂಗಸಲ್ಲ. ಬಿಳಿ ಪೊಟ್ಟಣದ ತಟ್ಟೆ ಬಗ್ಗೆ ಆಗಸ್ಟಿನಲ್ಲಿ ಹೇಳ್ತೀನಿ.

ಅಪ್ಪನಿಗೆ ನನ್ನ ಮುತ್ತು. ಟೋಪಿ ಹಾಕ್ಕೊಂಡ ಒಂದು ಫೋಟೋ ಕಳಿಸು.

ತಂಗಿ

*

ಫೆಬ್ರವರಿ 20

ಚೂಟಿ,

ನಿನಗೆ ಬರೆಯಬಾರದು ಅಂತ ಅಪ್ಪ ನನ್ನಿಂದ ಮಾತು ತಗೊಂಡಿದ್ದಾರೆ. ಓದೋ ಹುಡುಗಿ, ಕೆಲಸದ ಚಿಂತೆಯಲ್ಲಿದ್ದಾಳೆ, ತಲೆ ತಿನ್ನಬೇಡ ಅಂದರು. ಆ ಮಾತು ಮುರಿದು ಬರೀತಿದ್ದೀನಿ. ಚೆನ್ನಾಗಿದ್ದಾರೆ ಅಂತ ಬರೆದದ್ದು ಸುಳ್ಳು.

ಅಪ್ಪ ಮತ್ತೆ ಕುರ್ಚಿಗೆ ಹೋದರು. ಈ ಸಲ ಕುರ್ಚಿನ ಕಿಟಕಿಯಿಂದ ಗೋಡೆ ಕಡೆ ತಿರುಗಿಸಿಕೊಂಡಿದ್ದಾರೆ, ಕಿಟಕಿಯಿಂದ ದಿಬ್ಬ ಕಾಣುತ್ತೆ ಅಂತ. ಅಮ್ಮನ ಹೂವಿನ ಕುಂಡಗಳನ್ನೆಲ್ಲ ಎದುರುಮನೆಯ ದರ್ಜಿಗೆ ಕೊಟ್ಟುಬಿಟ್ಟರು. ಅಡುಗೆಮನೆ ಕಿಟಕಿಯಲ್ಲಿ ಒಂದೇ ಒಂದು ಉಳಿದಿದೆ. ಅದಕ್ಕೆ ಒಂದು ಲೋಟ ನೀರು ಹಾಕಿ ಅಪ್ಪ ಅಂದೆ. ನೀನೇ ಹಾಕಮ್ಮ, ನನ್ನ ಕೈ ಬೇಡ, ಪಾಪ ಅದಾದರೂ ಬದುಕಲಿ ಅಂದರು. ಗಂಡಸು ಅಳೋದು ನೋಡಿದ್ದೀನಿ, ಅದನ್ನ ತಡ್ಕೋಬಹುದು. ಇದನ್ನ ತಡ್ಕೊಳ್ಳೋಕೆ ಆಗ್ತಿಲ್ಲ.

ರಾತ್ರಿ ಊಟದಲ್ಲಿ ತಮ್ಮ ಅಂಗೈ ತಿರುಗಿಸಿ ತಿರುಗಿಸಿ ನೋಡ್ಕೋತಾರೆ. ನಿನ್ನ ಭಾವ ಏನೇನೋ ಜೋಕ್ ಹೇಳಿ ಸೋತರು.

ನಿನ್ನ ವಿಜ್ಞಾನ ನನಗೆ ತಿಳಿಯಲ್ಲ. ಬಿಳಿ ಚೀಲದ ಗುಟ್ಟು ಕೂಡ ಕೇಳ್ತಿಲ್ಲ. ಒಂದೇ ಒಂದು ಸಾಲು ಬರಿ, ನಿಮ್ಮ ಕೈಯಿಂದ ಆದದ್ದಲ್ಲ ಅಪ್ಪ ಅಂತ. ನಿನ್ನ ಅಕ್ಷರದಲ್ಲಿ ಇರಲಿ. ನಾನು ಹೇಳಿದರೆ ನಂಬಲ್ಲ, ನೀನು ಬರೆದರೆ ನಂಬ್ತಾರೆ. ನೀನು ಓದಿದವಳು ಅಂತ ಅವರಿಗೆ ಅಷ್ಟು ಗೌರವ.

ಅಕ್ಕ

*

ಮಾರ್ಚ್ 9

ಅಕ್ಕ,

ನಿನ್ನ ಕಾಗದ ಓದಿ ಎರಡು ದಿನ ಏನೂ ಮಾಡಲಾಗಲಿಲ್ಲ. ಆಮೇಲೆ ಅನ್ನಿಸಿತು, ನೀನು ಚಿಕ್ಕಂದಿನಿಂದ ಹೀಗೇ ಅಲ್ವಾ. ನನಗೆ ಜ್ವರ ಬಂದಾಗ ಬೀದಿಯನ್ನೆಲ್ಲ ಅಳಿಸಿದವಳು ನೀನು. ಅಪ್ಪನಿಗೆ ವಯಸ್ಸಾಯ್ತು, ಚಳಿಗಾಲದಲ್ಲಿ ಮನಸ್ಸು ಕುಗ್ಗುತ್ತೆ. ಬಿಸಿಲು ಬಂದರೆ ಸರಿಹೋಗ್ತಾರೆ.

ಅಪ್ಪನಿಗೆ ಓದಿ ಹೇಳು: ಅಪ್ಪ, ಸಸಿ ಬರೋದಕ್ಕೂ ಬರದೆ ಇರೋದಕ್ಕೂ ನೂರೆಂಟು ಕಾರಣ ಇರುತ್ತೆ. ಒಬ್ಬರ ಕೈಯೊಂದೇ ಕಾರಣ ಆಗಲ್ಲ. ನೀವು ಬೇಜಾರು ಮಾಡ್ಕೋಬೇಡಿ.

ಇದಕ್ಕಿಂತ ಹೆಚ್ಚು ಈಗ ಬರೆಯೋ ಹಾಗಿಲ್ಲ ಅಕ್ಕ. ಬರೆದರೆ ನಿನ್ನ ಕೈ ಬದಲಾಗುತ್ತೆ. ನೀರು ಹಾಕುವಾಗ ಒಂದು ಸಾಲಿಗೆ ಅರ್ಧ ಲೋಟ ಜಾಸ್ತಿ ಬೀಳುತ್ತೆ, ನಿನಗೇ ಗೊತ್ತಾಗದ ಹಾಗೆ ಬೀಳುತ್ತೆ. ಆಗ ಮೊದಲಿಂದ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಆಗಸ್ಟಿನವರೆಗೆ ತಾಳ್ಮೆ ಇಟ್ಕೋ. ನಾನೇ ಬಂದು ಅಪ್ಪನ ಮುಂದೆ ಕೂತು ಎಲ್ಲ ಬಿಡಿಸಿ ಹೇಳ್ತೀನಿ.

ಕೋಪ ಮಾಡ್ಕೋಬೇಡ.

ತಂಗಿ

*

ಮೇ 17

ಅಕ್ಕ,

ಮಾರ್ಚಿನದ್ದೂ ಇಲ್ಲ, ಮೇ ತಿಂಗಳದ್ದೂ ಇಲ್ಲ, ಪೊಟ್ಟಣ ಯಾಕೆ ಬಂದಿಲ್ಲ? ಫೋನ್ ಮಾಡಿದರೆ ಭಾವ ಎತ್ತಿ, ಅವಳು ದಿಬ್ಬದಲ್ಲಿದ್ದಾಳೆ ಅಂತ ಇಡ್ತಾರೆ. ಹೊತ್ತಲ್ಲದ ಹೊತ್ತಿಗೆ ಮಾಡಿದರೂ ದಿಬ್ಬದಲ್ಲೇ ಇರ್ತೀಯ. ಸಮಿತಿಯ ತಾರೀಖು ಗೊತ್ತಾಯ್ತು, ಆಗಸ್ಟ್ ಮೊದಲ ವಾರ.

ಒಂದು ಸಾಲಾದರೂ ಬರಿ.

ತಂಗಿ

*

ಜುಲೈ 12

ಅಕ್ಕ,

ನೀನು ಬರೆಯಲ್ಲ. ಸರಿ, ನಾನೇ ಬರೀತೀನಿ. ಫೋನಲ್ಲಿ ಹೇಳೋ ಧೈರ್ಯ ನನಗಿಲ್ಲ.

ಬಿಳಿ ದಾರದ ಚೀಲದ ಮಣ್ಣನ್ನ ನಾನು ಬೇಯಿಸಿದ್ದೆ.

ನಮ್ಮಲ್ಲಿ ಒಂದು ಯಂತ್ರ ಇದೆ, ಆಳೆತ್ತರದ ಪ್ರೆಶರ್ ಕುಕ್ಕರ್ ಅಂದುಕೋ. ಅದರಲ್ಲಿ ಹಬೆ ಹಾಯಿಸಿ ಮಣ್ಣಿನಲ್ಲಿರೋ ಒಂದು ಜೀವವೂ ಉಳಿಯದ ಹಾಗೆ ಕೊಂದು, ಆರಿಸಿ, ಬಿಳಿ ದಾರ ಕಟ್ಟಿ ಕಳಿಸಿದೆ. ಜೀವ ಇರೋ ಮಣ್ಣಿಂದ ಎಷ್ಟು ಲಾಭ ಅಂತ ತೋರಿಸಬೇಕಾದರೆ ಪಕ್ಕದಲ್ಲಿ ಸತ್ತ ಮಣ್ಣು ಇರಲೇಬೇಕು. ಒಂದೇ ಗುಂಡಿಯ ಮಣ್ಣು ಅಂದದ್ದು ನಿಜ. ನಿಜ ಹೇಳಿಯೇ ನಿಮಗೆ ಮೋಸ ಮಾಡಿದೆ. ಬಿಳಿಗೆ ಕೆಂಪಿನ ಚಿಟಿಕೆಯೂ ಬೀಳಬಾರದು ಅಂದದ್ದು ಅದಕ್ಕೇ, ಬಿದ್ದರೆ ಸತ್ತ ಮಣ್ಣಿಗೆ ಜೀವ ಹತ್ತುತ್ತೆ. ನೀನು ಅದನ್ನ ಮುದ್ದು ಅಂದುಕೊಂಡೆ. ಅಪ್ಪನ ಕೈಗೆ ಕೊಟ್ಟೆ ಅಂತ ಬರೆದಾಗಲೇ ಮುಂದೇನಾಗುತ್ತೆ ಅಂತ ನನಗೆ ಗೊತ್ತಾಗಿತ್ತು.

ಆವತ್ತೇ ಮೇಡಂಗೆ ಹೇಳಿದೆ. ಅವರು, ಒಳ್ಳೇದೇ ಆಯ್ತು, ಅಷ್ಟು ಪಳಗಿದ ಕೈ ನೆಟ್ಟರೂ ಬರಲಿಲ್ಲ ಅಂದರೆ ನಮ್ಮ ಫಲಿತಾಂಶ ಇನ್ನೂ ಗಟ್ಟಿ ಅಂದರು. ನಾನು ತಲೆ ಆಡಿಸಿದೆ. ಅಪ್ಪನ ಕೈಗುಣ ನನಗೆ ಸಾಕ್ಷಿಯಾಗಿ ಬೇಕಾಗಿತ್ತು ಅಕ್ಕ. ಬಿಳಿ ಸಾಲಿನಲ್ಲಿ ಬದುಕಿರೋ ಒಂದೊಂದು ಸಸಿಯೂ ಅಪ್ಪನ ಕೈಯಿಂದಲೇ ಬದುಕಿದೆ. ಬೇರೆ ಯಾರು ನೆಟ್ಟಿದ್ದರೂ ಸೆಪ್ಟೆಂಬರಿಗೇ ಎಲ್ಲ ಒಣಗಿರ್ತಿತ್ತು.

ನಿಯಮ ಮುರಿದಿದ್ದೀನಿ. ಮೂರು ವಾರ ಕಾಯಬಹುದಿತ್ತು, ಆಗಲಿಲ್ಲ. ಈ ಕಾಗದ ಅಪ್ಪನಿಗೆ ಓದಿ ಹೇಳು. ಇವತ್ತೇ ಹೇಳು. ಬಿಳಿ ಸಾಲು ಹೇಗಿದೆಯೋ ಹಾಗೇ ಇರಲಿ, ಅದೊಂದು ಉಳಿದರೆ ನಾನು ಉಳೀತೀನಿ.

ತಂಗಿ

*

ಜುಲೈ 25

ನಿನ್ನ ಕಾಗದ ಬಂತು.

ಬಿಳಿ ಸಾಲು ಇಲ್ಲ. ಮೊದಲು ಅದನ್ನ ಹೇಳಿಬಿಡ್ತೀನಿ, ನಿನಗೆ ಬೇಕಾಗಿರೋದು ಅದೇ ತಾನೇ.

ಮಾರ್ಚಿನಲ್ಲಿ ನೀನು ಬರೆದ ನೂರೆಂಟು ಕಾರಣ ಅಪ್ಪನಿಗೆ ಓದಿದೆ. ಅಪ್ಪ ಮತ್ತೆ ಅಂಗೈ ತಿರುಗಿಸಿ ನೋಡ್ಕೊಂಡರು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ನಿನ್ನ ಮೇಲಿನ ಕೋಪ ಯಾರ ಮೇಲೆ ಹೋಗಬೇಕು, ಎದುರಿಗೆ ಕೂತವರ ಮೇಲೆ ಹೋಯ್ತು. ಒಂದೇ ಗುಂಡಿ ಮಣ್ಣು, ಒಂದೇ ನೀರು, ನಿಮ್ಮ ಕೈ ತಾಗಿದ್ದೊಂದೇ ವ್ಯತ್ಯಾಸ, ಇನ್ನು ಬೇರೆ ಕಾರಣ ಎಲ್ಲಿಂದ ತರಲಿ ಅಂದುಬಿಟ್ಟೆ. ಅಪ್ಪನಿಗೆ. ನನ್ನ ಈ ಬಾಯಿಂದ. ನಿನ್ನ ಕಾಗದ ನಂಬಿ ಆಡಿದ ಮಾತು ಅದು, ನಾನು ಸಾಯೋವರೆಗೂ ನನ್ನ ಕಿವಿಯಲ್ಲಿರುತ್ತೆ. ನಿನಗೆ ಬರೆಯೋದನ್ನ ಆವತ್ತೇ ನಿಲ್ಲಿಸಿದೆ.

ಜೂನ್ ಮಳೆ ಶುರುವಾದ ಮೇಲೆ ಒಂದು ಬೆಳಿಗ್ಗೆ ಕುರ್ಚಿ ಖಾಲಿ. ಹುಡುಕಿಕೊಂಡು ದಿಬ್ಬಕ್ಕೆ ಓಡಿದೆ. ಅಪ್ಪ ಮಂಡಿಯೂರಿ ಬಿಳಿ ಸಾಲು ಅಗೀತಿದ್ದಾರೆ. ಕಿತ್ತ ಸಸಿ ಎಲ್ಲ ಒಂದು ಕಡೆ ರಾಶಿ. ಕೆಂಪು ಸಾಲಿನ ಮೆಳೆ ಒಡೆದು, ಬೇರು ಮಣ್ಣು ಸಮೇತ ಮರಿಗಿಡ ತೆಗೆದು, ಆ ಗುಂಡಿಗಳಿಗೆ ಇಡ್ತಿದ್ದಾರೆ. ಒಂದನ್ನೂ ಬರಿಗೈಯಲ್ಲಿ ಮುಟ್ಟಿಲ್ಲ, ಎರಡು ಕೈಗೂ ಗೋಣಿ ಸುತ್ತಿಕೊಂಡಿದ್ದಾರೆ. ಮರಿ ಸಾಹೇಬರನ್ನ ಕರ್ಕೊಂಡು ಬರ್ತಾಳಮ್ಮ, ಅವಳಪ್ಪ ಕೆಡಿಸಿದ ಸಾಲು ಅವರ ಕಣ್ಣಿಗೆ ಬೀಳಬಾರದು ಅಂದರು.

ನಾನು ತಡೆಯಬಹುದಿತ್ತು. ನಿನ್ನ ನಿಯಮ ನನಗೆ ಬಾಯಿಪಾಠ ಇತ್ತು. ಸತ್ತದ್ದೂ ಬೇಕು, ಕೀಳಬೇಡಿ, ಬೆರೆಸಬೇಡಿ. ಆದರೆ ಏಳು ತಿಂಗಳ ಮೇಲೆ ಅಪ್ಪ ಮಳೆ ಬಿಟ್ಟ ಬಿಸಿಲಲ್ಲಿ ಕೂತಿದ್ದರು, ಬೆವರ್ತಿದ್ದರು, ನೀರು ಕೊಡು ಅಂತ ಕೇಳಿದರು. ಹಾಳಾಗಿಹೋಗಲಿ ನಿನ್ನ ಪ್ರಯೋಗ ಅಂತ ನಾನೂ ಇನ್ನೊಂದು ಹಾರೆ ತಗೊಂಡೆ. ಮಳೆ ತಿಂಗಳೆಲ್ಲ ಇಬ್ಬರೂ ಅದೇ ಮಾಡಿದೆವು. ಕಿತ್ತದ್ದನ್ನ ಒಣಗಿಸಿ ಸುಟ್ಟೆವು. ಈಗ ದಿಬ್ಬ ಒಂದೇ ಸಮ ಹಸಿರು. ನಮ್ಮ ಆಫೀಸಿನವರು ಬಂದು ಫೋಟೋ ಹಿಡ್ಕೊಂಡು ಹೋದರು. ನಿನ್ನ ಸಮಿತಿಗೆ ಏನು ಹೇಳ್ತೀಯೋ ನಿನಗೆ ಬಿಟ್ಟದ್ದು. ಒಂದು ತಿಂಗಳು ಮೊದಲು ಬರೆದಿದ್ದರೆ ನಿನ್ನ ಸಾಲು ಉಳೀತಿತ್ತು. ಒಂದು ವರ್ಷ ಮೊದಲು ಬರೆದಿದ್ದರೆ ಅಪ್ಪ ಉಳೀತಿದ್ದರು.

ನಿನ್ನನ್ನ ಕ್ಷಮಿಸೋಕೆ ನನ್ನಿಂದಾಗಲ್ಲ. ಆದರೆ ಇದನ್ನ ಹೇಳದೆ ಇದ್ದರೆ ನಾನೂ ನಿನ್ನ ಹಾಗೇ ಆಗ್ತೀನಿ, ಅದಕ್ಕೆ ಹೇಳ್ತೀನಿ. ನಿನ್ನೆ ಕಾಗದ ಪೂರ್ತಿ ಓದಿ ಹೇಳಿದೆ. ಬೇಯಿಸಿದ ಮಣ್ಣು ಅನ್ನೋ ಕಡೆ ಅಪ್ಪ ನಕ್ಕರು. ನಿಜವಾಗಿ ನಕ್ಕರು, ಹಲ್ಲು ಕಾಣೋ ಹಾಗೆ. ನನ್ನ ತಲೆ ಮೇಲೆ ಕೈಯಿಟ್ಟು, ಸರಿಯಮ್ಮ, ನನ್ನದೇನೂ ತಪ್ಪಿಲ್ಲ ಹಾಗಾದರೆ, ಮನಸ್ಸು ಹಗುರಾಯ್ತು ಅಂದರು. ನಾನು ಅವರ ತೊಡೆ ಮೇಲೆ ತಲೆಯಿಟ್ಟು ಅತ್ತೆ. ನಂಬಿದರಲ್ಲ, ನನಗೆ ಅಷ್ಟು ಸಾಕು.

ಆಮೇಲೆ ಪೆನ್ನು ಕಾಗದ ಕೇಳಿದರು. ಬೆಳಿಗ್ಗೆಯೆಲ್ಲ ಕೂತು ತಾವೇ ಬರೆದು, ಅಂಟಿಸಿ ಕೊಟ್ಟಿದ್ದಾರೆ. ನಾನು ಓದಿಲ್ಲ. ಇದರ ಜೊತೆಗಿದೆ.

ಅಕ್ಕ

*

ಜುಲೈ 25

ಚಿರಂಜೀವಿ ಮರಿಗೆ ಅಪ್ಪನ ಆಶೀರ್ವಾದಗಳು.

ಬರೆದು ರೂಢಿ ತಪ್ಪಿದೆ, ಅಕ್ಷರ ಸರಿಯಿಲ್ಲ, ನಿಧಾನವಾಗಿ ಓದಿಕೋ.

ದೊಡ್ಡವಳು ನಿನ್ನ ಕಾಗದ ಓದಿ ಹೇಳಿದಳು. ಮಣ್ಣು ಬೇಯಿಸಿದೆ ಅಂತ ಬರೆದಿದ್ದೀಯಲ್ಲ, ಕೇಳಿ ನನಗೆ ನಗು ತಡೆಯೋಕಾಗಲಿಲ್ಲ. ಮಣ್ಣನ್ನ ಯಾರಾದರೂ ಬೇಯಿಸ್ತಾರೇನಮ್ಮ. ನೀನು ಚಿಕ್ಕವಳಿದ್ದಾಗಲೂ ಹೀಗೇ, ಅಕ್ಕ ಒಡೆದ ಪಾತ್ರೆಯನ್ನ ನಾನೇ ಒಡೆದದ್ದು ಅಂತ ಮುಂದೆ ಬಂದು ನಿಲ್ಲೋಳು. ನಿನ್ನ ಅಮ್ಮನ ಮನಸ್ಸು ನಿನ್ನದು. ಆದರೆ ನನ್ನ ಸಮಾಧಾನಕ್ಕೆ ಇಷ್ಟು ದೊಡ್ಡ ತಪ್ಪನ್ನ ನಿನ್ನ ಮೈಮೇಲೆ ಎಳೆದುಕೊಳ್ಳಬೇಡ. ನಿನ್ನ ಸಾಹೇಬರ ಕೈಗೆ ಆ ಕಾಗದ ಸಿಕ್ಕರೆ ಕೆಲಸಕ್ಕೇ ಕುತ್ತು.

ಎರಡೂ ಒಂದೇ ಗುಂಡಿಯ ಮಣ್ಣು ಅಂತ ಅಕ್ಟೋಬರಿನಲ್ಲಿ ನೀನೇ ಬರೆದಿದ್ದೆ. ನನಗೆ ಅದೇ ಸಾಕು. ಕೆಲಸದ ವಿಷಯ ಬರೆಯುವಾಗ ನೀನು ಸುಳ್ಳು ಬರೆಯೋಳಲ್ಲ.

ಕೈಗುಣ ಅನ್ನೋದು ಒಂದು ದಿನ ಹೋಗುತ್ತೆ ಮರಿ. ಕಣ್ಣು ಹೋಗಲ್ವಾ, ಕಿವಿ ಹೋಗಲ್ವಾ, ಹಾಗೆ. ನನಗೆ ಬೇಜಾರಿಲ್ಲ. ನಿನ್ನ ಕೆಲಸದ ಮೇಲೆ ಹೋಯ್ತಲ್ಲ ಅನ್ನೋದೊಂದೇ ಸಂಕಟ ಇತ್ತು. ಅದನ್ನೂ ಸರಿ ಮಾಡಿದ್ದೀನಿ. ನೀನು ಹೆದರಬೇಡ, ಕೈಗೆ ಗೋಣಿ ಸುತ್ತಿಕೊಂಡೇ ನೆಟ್ಟೆ, ನನ್ನ ಕೈ ಒಂದಕ್ಕೂ ತಾಗಿಲ್ಲ. ಎಲ್ಲಾ ಬೇರು ಹಿಡಿದಿದೆ. ಸಾಹೇಬರು ನೋಡಿ ಖುಷಿ ಪಡ್ತಾರೆ.

ನಾನು ನಂಬಿದೆ ಅಂತ ದೊಡ್ಡವಳು ಅಂದುಕೊಂಡಿದ್ದಾಳೆ. ಪಾಪ, ಅವಳೂ ಒಂದು ಮಾತು ಆಡಿ ಆವತ್ತಿಂದ ನಿದ್ದೆ ಮಾಡಿರಲಿಲ್ಲ, ನಿನ್ನೆ ಮಲಗಿದಳು. ಅವಳಿಗೆ ಏನೂ ಹೇಳಬೇಡ.

ನೀನು ಸಾಹೇಬರ ಜೊತೆ ಬಂದಾಗ ನಾನು ಒಳಗೇ ಇರ್ತೀನಿ. ಆ ಸಾಲು ಯಾರು ನೆಟ್ಟದ್ದು ಅಂತ ಅವರು ಕೇಳಿದರೆ ಮೇಸ್ತ್ರಿ ಕಡೆಯವರು ಅಂತ ಹೇಳಿಬಿಡು.

ನಿನ್ನ ಅಪ್ಪ